ಗುಂಡುಕಲ್ಲು ಮಲಗಿದ ತೊಟ್ಟಿಲು

ಶಾಲೆಯಲ್ಲಿ ಮಕ್ಕಳು ನನಗಿಟ್ಟಿರುವ ಹೆಸರು ‘ಆಧಾರ್ ಮಿಸ್’. ಇದು ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ. ತಮಿಳುನಾಡಿಗೆ ಸೇರಿದ ನಮ್ಮ ಕನ್ನಡದೂರು ತಾಳವಾಡಿಯಲ್ಲಿ ಯಾವ ಅಂಗಡಿಯ ಮುಂದೆ ನಿಂತರೂ ಒಬ್ಬನಲ್ಲ ಒಬ್ಬ ಹಳೇ ವಿದ್ಯಾರ್ಥಿ ಇದ್ದೇ ಇರುತ್ತಾನೆ, ಪಕ್ಕದವನಿಗೆ ಪಿಸುಗುಟ್ಟುತ್ತಾನೆ, ನನ್ನ ಕಿವಿ ಚೆನ್ನಾಗಿಯೇ ಇದೆ. ಹೆಸರಿಗೂ ಕಾರ್ಡಿಗೂ ಸಂಬಂಧವಿಲ್ಲ. ಪ್ಲಸ್ ಒನ್, ಪ್ಲಸ್ ಟೂ, ಅಂದರೆ ಹನ್ನೊಂದು ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ನಾನು ಇತಿಹಾಸದ ಪಾಠ ಮಾಡುತ್ತೇನೆ. ಯಾವನಾದರೂ ಎದ್ದು ನಿಂತು, ಹಿಂದೆ ಒಬ್ಬ ರಾಜ ನಮ್ಮೂರ ಕೆರೆಯಲ್ಲಿ ಕುದುರೆ ಮೈ ತೊಳೆಸಿದನಂತೆ ಮಿಸ್ ಎಂದರೆ ಸಾಕು, ಆಧಾರ ಏನು ಎಂದು ಕೇಳಿಬಿಡುತ್ತೇನೆ. ಅಜ್ಜಿ ಹೇಳಿದ್ದು ಆಧಾರವಲ್ಲ, ಕಲ್ಲಿನ ಮೇಲೆ ಬರೆದಿದೆಯೋ, ಯಾರಾದರೂ ಕಣ್ಣಾರೆ ಕಂಡವರು ಬರೆದಿಟ್ಟಿದ್ದಾರೋ, ಅದನ್ನು ಹೇಳು ಎಂದು ಕೂರಿಸುತ್ತೇನೆ. ಹುಡುಗರು ಅದನ್ನೇ ಹಿಡಿದುಕೊಂಡರು.

ನನ್ನದು ಒಂದು ಕಡೆ ಕೂರುವ ಜೀವವಲ್ಲ. ಪಾಠ ಮಾಡುವಾಗಲೂ ಬೋರ್ಡಿನಿಂದ ಕೊನೆಯ ಬೆಂಚಿಗೆ, ಕೊನೆಯ ಬೆಂಚಿನಿಂದ ಕಿಟಕಿಗೆ ತಿರುಗುತ್ತಲೇ ಇರುತ್ತೇನೆ. ಅಡುಗೆಮನೆಯಲ್ಲಿ ನಾನಿದ್ದರೆ ತನಗೆ ತಲೆ ಸುತ್ತುತ್ತದೆ ಎಂದು ನನ್ನ ಅತ್ತೆ ಹೇಳುತ್ತಾರೆ. ನಾನೀಗ ಹೇಳಹೊರಟಿರುವ ವರ್ಷ ಆ ಚಡಪಡಿಕೆ ಹತ್ತರಷ್ಟಾಗಿತ್ತು. ನಾನು ಮೂರು ತಿಂಗಳ ಬಸುರಿ. ಅದಕ್ಕೆ ಮೊದಲು ಎರಡು ಸಲ ನಿಂತದ್ದು ಉಳಿದಿರಲಿಲ್ಲ. ಮನೆಯಲ್ಲಿ ಅತ್ತೆ ಮತ್ತು ಗಂಡ, ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಇಷ್ಟು ಜನಕ್ಕೆ ಬಿಟ್ಟರೆ ಇನ್ನಾರಿಗೂ ತಿಳಿಯದಂತೆ ಇಟ್ಟಿದ್ದೆವು. ಹೊಟ್ಟೆ ಎದ್ದು ಕಾಣುವವರೆಗೆ ಬಾಯಿ ಬಿಡಬಾರದು ಎನ್ನುವುದು ಅತ್ತೆಯ ಕಟ್ಟಪ್ಪಣೆ. ಈ ಸಲವಾದರೂ ಉಳಿಯುತ್ತದೋ ಇಲ್ಲವೋ ಎನ್ನುವ ಒಂದೇ ಯೋಚನೆ ಎದ್ದರೂ ಕೂತರೂ ನನ್ನ ಬೆನ್ನು ಹತ್ತಿತ್ತು.

ಪೊಂಗಲ್ ರಜೆ ಮುಗಿದ ಮೇಲೆ ಪ್ಲಸ್ ಒನ್ ಮಕ್ಕಳನ್ನು ಘಟ್ಟದ ಕೆಳಗೆ ಒಂದು ಹಳೇ ಮನೆ ನೋಡಲು ಕರೆದುಕೊಂಡು ಹೋಗುವುದು ನಾನೇ ಶುರು ಮಾಡಿದ ಪದ್ಧತಿ. ಸತ್ಯಮಂಗಲ ದಾಟಿ ಇನ್ನೂ ಸ್ವಲ್ಪ ಹೋದರೆ ಒಂದು ಸಣ್ಣ ಪೇಟೆ ಸಿಗುತ್ತದೆ. ಅಲ್ಲಿ ಹಿಂದೊಂದು ಕಾಲದಲ್ಲಿ ಹತ್ತಿ ವ್ಯಾಪಾರ ಮಾಡಿದ ದೊಡ್ಡ ಮನೆತನದವರ ಮನೆ. ಅವರು ಅದನ್ನು ಮಾರದೆ, ಕೆಡವದೆ, ಇದ್ದದ್ದು ಇದ್ದ ಹಾಗೆ ಮ್ಯೂಸಿಯಂ ಮಾಡಿದ್ದಾರೆ. ಅರಮನೆ, ಕೋಟೆ ಆದರೆ ಮಕ್ಕಳು ಬಾಯಿ ಬಿಟ್ಟು ನೋಡಿ ಮರೆತುಬಿಡುತ್ತಾರೆ. ಮನೆ ಆದರೆ ಒಲೆ ಎಲ್ಲಿತ್ತು, ನೀರು ಎಲ್ಲಿಂದ ಬಂತು, ಹೆಂಗಸರು ಎಲ್ಲಿ ಮಲಗುತ್ತಿದ್ದರು ಎಂದು ಕೇಳುತ್ತಾರೆ. ಇತಿಹಾಸ ಶುರುವಾಗುವುದು ಆ ಪ್ರಶ್ನೆಗಳಿಂದ ಎಂದು ನಾನು ನಂಬಿದ್ದೇನೆ.

ಮಕ್ಕಳಿಗೆ ಇದು ಅಷ್ಟು ಸುಲಭವಾಗಿ ಹಿಡಿಸುವುದಿಲ್ಲ. ನಮ್ಮ ಕಡೆ ಮನೆಗೆ ಹಟ್ಟಿ ಎನ್ನುತ್ತಾರೆ. ಹ ಎನ್ನುವ ಅಕ್ಷರ ನಮ್ಮ ನಾಲಿಗೆಗೆ ಅಷ್ಟಾಗಿ ಒಗ್ಗದ್ದರಿಂದ ಅದು ಅಟ್ಟಿ. ಆ ವರ್ಷ ಹೊರಡುವ ಮುಂಚಿನ ದಿನ ಕ್ಲಾಸಿನಲ್ಲಿ ಒಬ್ಬ ಹುಡುಗ ಎದ್ದು ಕೇಳಿದ, “ಮಿಸ್, ಆ ಅಟ್ಟಿಲಿ ಈಗ ಯಾರವ್ರ?”

“ಯಾರೂ ಇಲ್ಲ. ಮ್ಯೂಸಿಯಂ ಅದು.”

“ಯಾರೂ ಇಲ್ದಿರ ಅಟ್ಟಿಗ ಓಗಿ ಏನ್ ಮಾಡದು ಮಿಸ್? ಒಂದ್ ಲೋಟ ಕಾಪಿ ಕೊಡಕ್ಕೂ ಆಳಿಲ್ಲ.”

ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ. ನಕ್ಕಿದ್ದಕ್ಕೆ ಹೊಟ್ಟೆ ಹಿಡಿದಂತಾಗಿ, ನಗಬಹುದೋ ಬಾರದೋ ಎಂದು ಅದಕ್ಕೂ ಹೆದರಿದೆ. ಆಗ ಹಾಗಿತ್ತು ನನ್ನ ಸ್ಥಿತಿ.

ನಾನು ಹೋಗದೆ ಇರಬಹುದಿತ್ತು. ಹೋಗದಿದ್ದರೆ ಹೆಣ್ಣುಮಕ್ಕಳು ಯಾರೂ ಹೋಗುವಂತಿರಲಿಲ್ಲ. ಲೇಡಿ ಟೀಚರ್ ಜೊತೆಗಿದ್ದರೆ ಮಾತ್ರ ಅವರ ಮನೆಗಳಲ್ಲಿ ಕಳಿಸುತ್ತಾರೆ, ಪ್ಲಸ್ ಒನ್‌ಗೆ ಪಾಠ ಮಾಡುವ ಹೆಂಗಸು ಆಗ ನಾನೊಬ್ಬಳೇ. ಹುಡುಗರು ಹೋಗಿ ಹುಡುಗಿಯರು ಉಳಿಯುವುದಾದರೆ ಆ ಪ್ರವಾಸವೇ ಬೇಡ ಎಂದು ಹಿಂದೊಮ್ಮೆ ಹೆಡ್‌ಮಾಸ್ಟರ ಮುಂದೆ ಮೇಜು ಕುಟ್ಟಿ ಹೇಳಿದ್ದವಳು ನಾನೇ. ಈಗ ಕಾರಣ ಹೇಳದೆ ಹಿಂದೆ ಸರಿಯುವುದು ಹೇಗೆ? ಡಾಕ್ಟರಮ್ಮ, ಜಾಗ್ರತೆಯಾಗಿ ಹೋಗಿ ಬನ್ನಿ, ಮುಂದಿನ ಸೀಟಿನಲ್ಲಿ ಕೂರಿ ಎಂದಿದ್ದರು. ಗಂಡ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ. ಅತ್ತೆ ಮಾತ್ರ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಹೇಳಿದರು.

“ಈ ಸಲ ಬ್ಯಾಡ ಕಣ್ಮಗ. ಆ ಗಾಟಿ ಇಳ್ದು ಅತ್ತಿ ಬಂದ್ರ ನಮ್ಮಂತೋರ್ಗೇ ಕರ್ಳು ಬಾಯ್ಗ ಬತ್ತದ. ಆ ಅಟ್ಟಿ ಎಲ್ಗೂ ಓಗಲ್ಲ, ಅಲ್ಲೇ ಇರ್ತದ ಬುಡು.”

ನಾನು ರೇಗಿದೆ. ಹಾಗಾದರೆ ನನ್ನ ಕೆಲಸ ಯಾರು ಮಾಡುತ್ತಾರೆ ಎಂದೆ. ರೇಗಿದ್ದು ಅವರ ಮೇಲಲ್ಲ. ನನ್ನೊಳಗೂ ಅದೇ ಮಾತು ಬೆಳಗಿನಿಂದ ಕೊರೆಯುತ್ತಿತ್ತು. ಅತ್ತೆ ರೊಟ್ಟಿ ತಟ್ಟುವ ಸದ್ದು ಜೋರಾಯಿತು.

ಬಸ್ಸಿನಲ್ಲಿ ಡ್ರೈವರ ಹಿಂದಿನ ಸೀಟಿನಲ್ಲಿ ಕೂತೆ. ತಿಗನಾರೆಯಲ್ಲಿ ನಿಲ್ಲಿಸಿ ಆ ಊರಿನ ಮಕ್ಕಳನ್ನು ಹತ್ತಿಸಿಕೊಂಡೆವು. ಅವರಲ್ಲಿ ಒಬ್ಬ ಹುಡುಗಿ ನನ್ನ ಪಕ್ಕ ಬಂದು ಕೂತಳು. ಮನೆಯಲ್ಲಿ ಇವಳೇ ಹಿರಿಯಳು, ಕೆಳಗೆ ಸಾಲಾಗಿ ತಂಗಿ ತಮ್ಮಂದಿರು. ತಂದೆ ತಾಯಿ ಕೂಲಿಗೆ ಹೋದಾಗ ಅಷ್ಟೂ ಮಕ್ಕಳನ್ನು ಸಾಕಿದವಳು ಇವಳು. ಕ್ಲಾಸಿನಲ್ಲಿ ಮಾತೇ ಇಲ್ಲ, ಕೇಳಿದರೆ ‘ಊಂ ಮಿಸ್’, ‘ಇಲ್ಲ ಮಿಸ್’ ಅಷ್ಟೆ. ಆವತ್ತೂ ಕೂತವಳೇ ಕಣ್ಣು ಮುಚ್ಚಿದಳು. ಹೊಲಕ್ಕೆ ಹಂದಿ ನುಗ್ಗುವ ಕಾಲ, ಮನೆಯವರೆಲ್ಲ ಸರದಿಯ ಮೇಲೆ ಕಾವಲಿಗೆ ಹೋಗುತ್ತಾರೆ, ನಿದ್ದೆ ಇರಲಿಲ್ಲವೇನೋ.

ಘಟ್ಟದ ನೆತ್ತಿಯ ಮೇಲಿರುವ ದಿಂಬಂನಲ್ಲಿ ಟೀ ಕುಡಿಯಲು ನಿಲ್ಲಿಸಿದರು. ಎಣ್ಣೆಯಲ್ಲಿ ಬಜ್ಜಿ ಬೇಯುವ ವಾಸನೆ ಮೂಗಿಗೆ ಬಡಿಯಿತು. ನಾನು ಅಂಗಡಿಯ ಹಿಂದಕ್ಕೆ ಓಡಿದೆ. ಹೊಟ್ಟೆಯಲ್ಲಿದ್ದದ್ದೆಲ್ಲ ಬಂತು. ತಲೆ ಎತ್ತಿದರೆ ಆ ಹುಡುಗಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಬಾಯಿ ಮುಕ್ಕಳಿಸುವ ತನಕ ನನ್ನ ಜಡೆ ಹಿಡಿದುಕೊಂಡಳು.

“ಬಸ್ಸು ಅಂದ್ರ ನಂಗಾಗಲ್ಲ ಕಣವ್ವ,” ಅಂದೆ.

“ಊಂ ಮಿಸ್.”

ಬಸ್ಸು ಇನ್ನೂ ಒಂದು ತಿರುವನ್ನೂ ಇಳಿದಿರಲಿಲ್ಲ. ದಿಂಬಂವರೆಗೆ ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಅದು ಅವಳಿಗೂ ಗೊತ್ತು.

ಇಳಿಯುವಾಗ ಒಂದು ತಿರುವಿನಲ್ಲಿ ಕಬ್ಬಿನ ಲಾರಿ ಅಡ್ಡ ಸಿಕ್ಕಿಕೊಂಡಿತ್ತು. ಮೇಲಿನ ಬಸ್ಸು ಮೇಲೆ, ಕೆಳಗಿನದು ಕೆಳಗೆ. ಹುಡುಗರು ಇಳಿದು ಕೋತಿಗಳಿಗೆ ಕಡಲೆ ಎಸೆಯತೊಡಗಿದರು. ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಇಳಿದೆ, ಹತ್ತಿದೆ, ಮತ್ತೆ ಇಳಿದೆ. ವಾಪಸು ಬರುವಾಗಲೂ ಹೀಗೇ ಆಗಿ ಕತ್ತಲಾದರೆ, ರಾತ್ರಿ ಗಾಡಿ ಬಿಡದ ಕಾಡಿನ ಚೆಕ್‌ಪೋಸ್ಟಿನವರು ತಡೆದರೆ ಎಂದು ಡ್ರೈವರನ್ನು ಕೇಳಿದೆ. ಆತ ಬೀಡಿ ಹಚ್ಚಿ, ಇನ್ನೂ ಇಳ್ದೇ ಇಲ್ಲ, ಆಗ್ಲೇ ಅತ್ತೋ ಮಾತಾಡ್ತಿದ್ದೀರಲ್ಲ ಮಿಸ್ ಅಂದ. ಅವನ ಮೇಲೂ ರೇಗಿದೆ.

ಅಂತೂ ಆ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ತೋರಿಸುವವರು ಆ ಮನೆತನದವರೇ, ಐವತ್ತು ದಾಟಿದವರು. ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಹಣೆಗೆ ವಿಭೂತಿ. ಮಾತಾಡುವುದು ತಮಿಳಿನಲ್ಲೇ. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ನನಗೆ ಅವರ ಮೇಲೆ ಗೌರವವಿತ್ತು, ಒಂದು ತಕರಾರೂ ಇತ್ತು. ಏನು ತೋರಿಸಿದರೂ ‘ಇದು ಈ ಮನೆಯ ವಳಕ್ಕಂ’ ಎನ್ನುತ್ತಿದ್ದರು, ಅಂದರೆ ಸಂಪ್ರದಾಯ. ಇವರ ತಾತ ಬೆಳಿಗ್ಗೆ ಎದ್ದು ಆಕಳಿಸಿದ್ದೂ ವಳಕ್ಕಂ. ಪ್ರತಿ ವರ್ಷ ನಾನು ಒಂದಾದರೂ ಕಡೆ ತಡೆದು, ಅಣ್ಣ, ಇದಕ್ಕೆ ಆಧಾರ ಏನು ಎಂದು ಕೇಳುತ್ತಿದ್ದೆ. ಅವರು ನಗುತ್ತಾ, ನಾನೇ ಆಧಾರ ಟೀಚರ್ ಎನ್ನುತ್ತಿದ್ದರು.

ತೇಗದ ಕಂಬಗಳ ಅಂಗಳ, ಹತ್ತಿ ತೂಗುತ್ತಿದ್ದ ತಕ್ಕಡಿ, ಗೋಡೆ ತುಂಬ ಪೇಟ ಸುತ್ತಿದ ಗಂಡಸರ ಫೋಟೋ. ಅಡುಗೆಮನೆಯಲ್ಲಿ ಹಗ್ಗದ ಆಚೆ ತಾಮ್ರದ ಹಂಡೆ, ಬೀಸುಕಲ್ಲು, ಒರಳು, ಒರಳಿನ ಪಕ್ಕ ಸಾಲಾಗಿ ದೊಡ್ಡದು ಚಿಕ್ಕದು ರುಬ್ಬುವ ಗುಂಡುಕಲ್ಲುಗಳು. ಕಾಫಿಯ ಹುಡುಗ ಒಲೆ ನೋಡಿ, ಬೂದಿನೂ ಇಲ್ಲ ಎಂದು ನಿಟ್ಟುಸಿರು ಬಿಟ್ಟ. ಅಡುಗೆಮನೆಗೆ ಅಂಟಿಕೊಂಡ ಹಾಗೆ ಒಂದು ಅರೆಗತ್ತಲ ಕೋಣೆ, ಅದು ಬಾಣಂತಿ ಕೋಣೆ. ಅಲ್ಲೂ ಒಂದು ಹಗ್ಗದ ಆಚೆ, ತೊಲೆಯಿಂದ ಹಿತ್ತಾಳೆ ಸರಪಳಿಯಲ್ಲಿ ಒಂದು ಮರದ ತೊಟ್ಟಿಲು ಇಳಿಬಿಟ್ಟಿತ್ತು. ನಾಲ್ಕು ಮೂಲೆಗೂ ಗಿಣಿ ಕೆತ್ತಿದ್ದರು, ಒಂದು ಗಿಣಿಯ ಕೊಕ್ಕು ಮುರಿದಿತ್ತು.

“ಈ ಮನೆಯ ಎಲ್ಲ ಮಕ್ಕಳೂ ಮಲಗಿದ್ದು ಇದರಲ್ಲೇ. ಸದ್ದು ಕೇಳಿ,” ಎಂದು ಅವರು ತೊಟ್ಟಿಲನ್ನು ಬೆರಳಲ್ಲಿ ತಳ್ಳಿದರು.

ಸರಪಳಿ ಕಿರ್ರ್ ಎಂದಿತು. ಬರಿ ತೊಟ್ಟಿಲು ಆ ಕಡೆಯಿಂದ ಈ ಕಡೆಗೆ ಬಂತು.

ಹುಡುಗಿಯರ ಗುಂಪು ಒಮ್ಮೆಗೇ ಹಿಂದೆ ಸರಿಯಿತು. ಬರಿ ತೊಟ್ಟಿಲು ತೂಗಬಾರದು ಎನ್ನುವುದು ನಮ್ಮ ಕಡೆ ನಡೆಯಲು ಕಲಿತ ಮಗುವಿಗೂ ಗೊತ್ತು. ತೂಗಿದರೆ ಮಲಗಬೇಕಾದ ಮಗುವಿಗೆ ಕೇಡು. ಒಬ್ಬಳು ತಮಿಳಿನಲ್ಲಿ, ಅಣ್ಣಾ ಬರೀದನ್ನ ತೂಗಬೇಡಿ ಅಂದೇಬಿಟ್ಟಳು. ಅವರಿಗೂ ಆ ಶಾಸ್ತ್ರ ಗೊತ್ತಿತ್ತು. “ಇದು ಪ್ರದರ್ಶನಕ್ಕೆ ಇಟ್ಟ ವಸ್ತು ಕಣಮ್ಮ, ಇದಕ್ಕೆ ದೋಷವಿಲ್ಲ,” ಎಂದು ಇನ್ನೊಂದು ಸಲ ತಳ್ಳಿದರು. ಬಂದವರಿಗೆಲ್ಲ ದಿನವೂ ತೂಗಿ ತೋರಿಸಿ ಅವರ ಕೈಗೆ ಅದು ಅಭ್ಯಾಸವಾಗಿಬಿಟ್ಟಿತ್ತು.

ಹಿಂದಿನ ವರ್ಷಗಳಲ್ಲೂ ಅವರು ತೂಗಿದ್ದರು, ನನಗೆ ಏನೂ ಅನಿಸಿರಲಿಲ್ಲ. ಈಗ ಕಿವಿಯಲ್ಲಿ ಆ ಕಿರ್ರ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹೋದ ವರ್ಷ ಇಲ್ಲಿಂದ ಹೋದ ಮೇಲೆ ತಾನೇ ಎರಡನೆಯದು ಹೋದದ್ದು ಎಂದು ಮನಸ್ಸು ಲೆಕ್ಕ ಹಾಕಲು ಶುರುಮಾಡಿತು. ಆಧಾರ ಏನು ಎಂದು ನನ್ನನ್ನೇ ಕೇಳಿಕೊಂಡೆ. ಆಧಾರ ಇಲ್ಲ. ಆಧಾರ ಇಲ್ಲ ಎಂದು ಗೊತ್ತಿದ್ದೂ ಕೈ ಸೆರಗಿನೊಳಗೆ ಹೋಗಿ ಹೊಟ್ಟೆಯ ಮೇಲೆ ಕೂತಿತ್ತು. ನಿಲ್ಲಿಸಿ ಅಣ್ಣ ಎನ್ನಬೇಕು. ಎಂದರೆ ಇಷ್ಟು ವರ್ಷ ಮೂಢನಂಬಿಕೆ ಎಂದು ಬೋರ್ಡಿನ ಮೇಲೆ ಬರೆದವಳ ಮುಖ ಎಲ್ಲಿಡುವುದು? ಗಂಡುಮಕ್ಕಳು ಏನು ಮಾಡುತ್ತಿದ್ದಾರೋ ನೋಡುತ್ತೇನೆ ಎಂದು ಯಾರಿಗೋ ಹೇಳಿ ಹೊರಗೆ ಬಂದುಬಿಟ್ಟೆ.

ಅಂಗಳದಲ್ಲಿ ಒಂದು ಸುತ್ತು ಹಾಕಿದೆ, ಇನ್ನೊಂದು ಸುತ್ತು ಹಾಕಿದೆ. ನೀರು ಕುಡಿದೆ. ಫೋಟೋದ ಗಂಡಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಆ ಅಣ್ಣ ಎಲ್ಲರನ್ನೂ ಮೇಲಿನ ಮಹಡಿಗೆ ಕರೆದುಕೊಂಡು ಹೋದ ಕಾಲ್ಸದ್ದು ಕೇಳಿತು. ನಾನು ಹೋಗಲಿಲ್ಲ. ಅತ್ತೆಯ ಮಾತು ಕೇಳಿ ಮನೆಯಲ್ಲಿ ಇರಬಾರದಿತ್ತೇ ಎಂದು ಅಳು ಬಂದಂತಾಯಿತು. ಇನ್ನು ಆ ತಿರುವುಗಳನ್ನು ಹತ್ತಬೇಕು.

ಸ್ವಲ್ಪ ಹೊತ್ತಿಗೆ ಎಲ್ಲರೂ ಇಳಿದು ಬಂದರು. ಅಣ್ಣ ಬಾಣಂತಿ ಕೋಣೆಯ ಬಾಗಿಲು ಎಳೆಯಲು ಹೋದವರು ಅಲ್ಲೇ ನಿಂತು ಕೂಗಿದರು. “ಯಾರ್ ಇಂದ ವೇಲೈ ಪಣ್ಣದು?” ಯಾರು ಈ ಕೆಲಸ ಮಾಡಿದ್ದು ಎಂದು. ಅವರ ದನಿ ಏರಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಓಡಬಾರದು ಎಂದುಕೊಂಡೇ ಓಡಿದೆ.

ತೊಟ್ಟಿಲಲ್ಲಿ ಒಂದು ಗುಂಡುಕಲ್ಲು ಮಲಗಿತ್ತು. ನೀಲಿ ದುಪಟ್ಟಾದಲ್ಲಿ ಸುತ್ತಿ, ತಲೆಯ ಕಡೆ ಮಾತ್ರ ತೆರೆದು, ಮಗುವಿಗೆ ಸುತ್ತುವ ಹಾಗೆಯೇ ಸುತ್ತಿ ಮಲಗಿಸಿತ್ತು. ಅದು ನಮ್ಮ ಶಾಲೆಯ ದುಪಟ್ಟಾ. ತಿಗನಾರೆಯ ಆ ಹುಡುಗಿಯ ಹೆಗಲ ಮೇಲೆ ದುಪಟ್ಟಾ ಇರಲಿಲ್ಲ.

ಅಣ್ಣ ಕಲ್ಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದರು. “ನಮ್ಮ ತಂದೆ ಮಲಗಿದ ತೊಟ್ಟಿಲು ಇದು. ಮಗು ಮಲಗುವ ಜಾಗದಲ್ಲಿ ಕಲ್ಲು ಹಾಕುತ್ತಾರೆಯೇ ಟೀಚರ್? ಹಾಳಾಗಲಿ ಈ ಮನೆ ಎಂದು ಶಾಪ ಹಾಕಿದ ಹಾಗಲ್ಲವೇ? ಬೆಟ್ಟದಿಂದ ಮಕ್ಕಳು ಬರುತ್ತಾರೆಂದು ನಾನು ಬಾಗಿಲು ತೆಗೆದು ಕಾದು ಕೂತಿರುತ್ತೇನೆ. ಇದು ನೀವು ಕಲಿಸಿದ್ದೇ? ಇನ್ನು ಮುಂದೆ ನಿಮ್ಮ ಶಾಲೆಯವರು ಬರುವುದು ಬೇಡ.”

ಹುಡುಗಿ ಗೋಡೆಗೆ ಅಂಟಿ ನಿಂತಿದ್ದಳು. ನಾನು ಹತ್ತಿರ ಹೋದೆ. “ಯಾಕವ್ವ?”

ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು, “ಅವ್ರು ಬರಿ ತೊಟ್ಲ ತೂಗ್ಬುಟ್ರು ಮಿಸ್. ಅದ್ಕ ಗುಂಡ್ಕಲ್ಲ ಮಲಗ್ಸಿ ಒಂದ್ ಸಲ ತೂಗ್ಬುಟ್ಟಿ. ಅಂಗ್ ಮಾಡ್ಬುಟ್ರ ಏನೂ ಆಗಲ್ಲ.”

ಗುಂಡುಕಲ್ಲಿನ ಶಾಸ್ತ್ರ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ ನಮ್ಮಲ್ಲಿ ಮಗುವಿಗೆ ಮುಂಚೆ ತೊಟ್ಟಿಲಿಗೆ ಹೋಗುವುದು ಗುಂಡುಕಲ್ಲು. ಅದಕ್ಕೆ ನೀರೆರೆದು, ಅರಿಶಿನ ಕುಂಕುಮ ಹಚ್ಚಿ, ಕುಲಾವಿ ಕಟ್ಟಿ, ಬಟ್ಟೆ ಸುತ್ತಿ ಮಲಗಿಸಿ ಹೆಂಗಸರು ತೂಗುತ್ತಾರೆ. ಬರುವ ಕೆಟ್ಟದ್ದೆಲ್ಲ ಕಲ್ಲಿಗೆ ಬರಲಿ, ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಆಮೇಲೆ ಕಲ್ಲನ್ನು ಎತ್ತಿ ಮಗುವನ್ನು ಮಲಗಿಸುತ್ತಾರೆ. ತಮ್ಮ ತಂಗಿಯರ ಸಾಲಿಗೆಲ್ಲ ಈ ಹುಡುಗಿ ಇದನ್ನು ಕಂಡವಳು. ಘಟ್ಟದ ಕೆಳಗಿನ ಈ ಮನೆಯವರಿಗೆ ಅದು ಗೊತ್ತಿಲ್ಲ. ನಮಗೆ ಹಾರೈಕೆಯಾದದ್ದು ಇವರಿಗೆ ಶಾಪವಾಗಿ ಕಂಡಿತು.

ನಾನು ತಮಿಳಿನಲ್ಲಿ ಇದನ್ನೆಲ್ಲ ಹೇಳಿದೆ. ಅವಸರದಲ್ಲಿ ಹೇಳಿದ್ದರಿಂದ ಅರ್ಧ ಕನ್ನಡವೇ ಬಂತು. ಅವರ ಮುಖ ಸಡಿಲವಾಗಲಿಲ್ಲ. “ಬೆಟ್ಟದಲ್ಲಿ ಹಾಗಿರಬಹುದು. ನಮ್ಮಲ್ಲಿ ಕಲ್ಲು ಕಲ್ಲೇ, ಮಗು ಮಗುವೇ,” ಎಂದರು.

ಆಗ ನನಗೆ ಹೊಳೆಯಿತು. ನನ್ನ ಕೆಲಸ ಖಾಯಂ ಆಗಬೇಕಾದರೆ ತಮಿಳು ಪರೀಕ್ಷೆ ಪಾಸಾಗಬೇಕಿತ್ತು. ಕನ್ನಡ ಶಾಲೆಯಲ್ಲಿ ಓದಿದ ನಾನು ಹಳೇ ತಮಿಳಿನ ಪದಗಳನ್ನು ಒಲೆಯ ಮುಂದೆ, ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ ಉರು ಹೊಡೆದಿದ್ದೆ. ಆಗ ಒಂದು ಪದ ಕಂಡು ನಕ್ಕು ಬಿಟ್ಟಿದ್ದೆ.

“ಅಣ್ಣ, ನಿಮ್ಮ ಕೈಯಲ್ಲಿರುವ ಕಲ್ಲಿಗೆ ತಮಿಳಿನಲ್ಲಿ ಏನೆನ್ನುತ್ತೀರಿ?”

“ಕುಳವಿ.”

“ಹಳೇ ಪದ್ಯಗಳಲ್ಲಿ ಎಳೇ ಕೂಸಿಗೆ ಏನೆನ್ನುತ್ತಾರೆ?”

ಅವರು ಬಾಯಿ ತೆರೆದರು. ಉತ್ತರ ಅವರಿಗೂ ಗೊತ್ತಿತ್ತು, ಓದಿಕೊಂಡವರು. “ಕುಳವಿ,” ಎಂದರು. ಕೈಯಲ್ಲಿದ್ದ ಕಲ್ಲನ್ನು ನೋಡಿದರು. ಇಷ್ಟು ಹೊತ್ತು ಎರಡೂ ಬದಿ ಹಿಡಿದು ಎತ್ತಿದ್ದವರು ಈಗ ಒಂದು ಕೈಯನ್ನು ಅದರ ತಲೆಯ ಕೆಳಗೆ ಕೊಟ್ಟಿದ್ದರು. ಕೊಟ್ಟದ್ದು ಅವರಿಗೆ ತಿಳಿಯಲಿಲ್ಲ.

“ಇರಲಿ ಟೀಚರ್,” ದನಿ ಇಳಿದಿತ್ತು. “ಈ ತೊಟ್ಟಿಲಲ್ಲಿ ಈಗ ಮಲಗುವ ಮಗು ಯಾವುದಿದೆ? ಈ ಹುಡುಗಿ ಯಾರಿಗಾಗಿ ಮಾಡಿದಳು?”

ಹುಡುಗಿ ನನ್ನನ್ನು ನೋಡಲೇ ಇಲ್ಲ. ನೆಲ ನೋಡುತ್ತಾ, ಬೈಸಿಕೊಳ್ಳಲು ಸಿದ್ಧಳಾಗಿ, ತುಟಿ ಬಿಗಿದು ನಿಂತಿದ್ದಳು. ದಿಂಬಂನಲ್ಲಿ ನನ್ನ ಜಡೆ ಹಿಡಿದು ನಿಂತಾಗಲೇ ಅವಳಿಗೆ ತಿಳಿದಿತ್ತು. ಅಷ್ಟು ಬಸಿರು ಬಾಣಂತನ ಕಂಡವಳಿಗೆ ಬಸ್ಸಿನ ವಾಂತಿ ಯಾವುದು, ಇದು ಯಾವುದು ಎಂದು ತಿಳಿಯದೇ? ಆದರೆ ಟೀಚರ ಗುಟ್ಟನ್ನು ಬಿಟ್ಟುಕೊಡುವವಳಲ್ಲ. ಶಾಲೆಗೆ ಬಾಗಿಲು ಮುಚ್ಚಿದರೂ ಸರಿ, ತಾನು ಕೆಟ್ಟವಳು ಎನಿಸಿಕೊಂಡರೂ ಸರಿ, ಅವಳು ಹೇಳುತ್ತಿರಲಿಲ್ಲ.

“ನನಗಾಗಿ,” ಅಂದೆ. ತಮಿಳಿನಲ್ಲಿ ಅಂದದ್ದು ಸಾಲದೆಂದು ಕನ್ನಡದಲ್ಲೂ ಅಂದೆ. “ನಂಗ ಮೂರು ತಿಂಗಳು. ಹಿಂದೆ ಎರಡು ಸಲ ಉಳೀಲಿಲ್ಲ.”

ಗಂಡುಮಕ್ಕಳು, ಹೆಣ್ಣುಮಕ್ಕಳು, ಬಾಗಿಲಲ್ಲಿ ಇಣುಕುತ್ತಿದ್ದ ಡ್ರೈವರು, ಎಲ್ಲರೂ ಕೇಳಿದರು. ಹೊಟ್ಟೆ ಕಾಣುವ ತನಕ ಬಾಯಿ ಬಿಡಬಾರದು ಎಂದಿದ್ದ ಅತ್ತೆಯ ಕಟ್ಟಪ್ಪಣೆ ಪರಸ್ಥಳದ ಬಾಣಂತಿ ಕೋಣೆಯಲ್ಲಿ ಮುರಿದುಬಿತ್ತು. ನನಗೆ ಭಯವಾಯಿತು. ಅದರ ಹಿಂದೆಯೇ, ಬೆಳಗಿನಿಂದ ಮೊದಲ ಸಲ, ಉಸಿರು ಸಲೀಸಾಗಿ ಆಡಿತು.

ಅಣ್ಣ ಬಗ್ಗಿ ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ, ದುಪಟ್ಟಾದ ಅಂಚನ್ನು ಕಲ್ಲಿನ ಕೆಳಗೆ ಸಿಕ್ಕಿಸಿದರು. ಹಗ್ಗ ಬಿಚ್ಚಿ ದಾರಿ ಬಿಟ್ಟು, “ನೀವೇ ತೂಗಿ ಟೀಚರ್,” ಎಂದರು.

ನಾನು ತೂಗಿದೆ. ಆಧಾರ ಬೇಕಾಗಲಿಲ್ಲ. ಭಾರವಿದ್ದ ತೊಟ್ಟಿಲು ನಿಧಾನಕ್ಕೆ ಹೋಗಿ ನಿಧಾನಕ್ಕೆ ಬಂತು, ಸರಪಳಿಯ ಸದ್ದೂ ಬೇರೆಯಾಗಿತ್ತು. ಹುಡುಗಿಯರಲ್ಲಿ ಯಾರೋ ಒಬ್ಬಳು ಜೋ ಎಂದು ರಾಗ ಎಳೆದಳು. ಇನ್ನೊಬ್ಬಳು ಸುಮ್ನಿರು ಎಂದು ಅವಳ ಕೈಗೆ ಹೊಡೆದಳು.

ವಾಪಸು ಹತ್ತುವಾಗ ಬಸ್ಸಿನಲ್ಲಿ ಯಾರೂ ಗಲಾಟೆ ಮಾಡಲಿಲ್ಲ. ಡ್ರೈವರು ಒಂದೊಂದು ತಿರುವನ್ನೂ ಎತ್ತಿನ ಗಾಡಿ ಹೊಡೆಯುವವನ ಹಾಗೆ ತಿರುಗಿಸಿದ. ಹಿಂದೆ ಕಾರಿನವರು ಹಾರನ್ ಹೊಡೆದರೆ ಕೈ ಹೊರಗೆ ಹಾಕಿ ಬೈದ. ಕಾಫಿಯ ಹುಡುಗ ತನ್ನ ಸ್ವೆಟರನ್ನು ಮಡಚಿ, ಬೆನ್ನಿಗೆ ಇಟ್ಕಳಿ ಮಿಸ್ ಎಂದು ಕೊಟ್ಟ. ತಿಗನಾರೆಯ ಹುಡುಗಿ ನನ್ನ ಪಕ್ಕದಲ್ಲಿ ಕೂತು, ನನ್ನ ತೋಳಿಗೆ ತಲೆ ಒರಗಿಸಿ ನಿದ್ದೆ ಹೋದಳು. ನಾನು ನಿದ್ದೆ ಮಾಡಲಿಲ್ಲ. ಪ್ರತಿ ಕುಲುಕಿಗೂ ಹೊಟ್ಟೆ ಹಿಡಿದುಕೊಂಡೆ. ಭಯ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಎಷ್ಟೋ ತಿಂಗಳು ಅದು ಹೋಗಲಿಲ್ಲ.

ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಊರಿಗೆಲ್ಲ ಡಂಗುರ ಒಡ್ಸ್ಬುಟ್ಟಿಯಂತಲ್ಲ?”

ಅಂದವರು ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದರು. ಸಾಲದೆಂದು ಮತ್ತೊಂದು ಹಿಡಿ ತಂದರು.

ಮಗು ಉಳಿಯಿತು. ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನ ತಿಗನಾರೆಯ ಹುಡುಗಿ ಬಂದು ನಮ್ಮ ಮನೆಯ ಗುಂಡುಕಲ್ಲಿಗೆ ತಾನೇ ಕುಲಾವಿ ಕಟ್ಟಿದಳು. ಕುಲಾವಿ ಓರೆಯಾಗಿದೆ ಎಂದು ಅತ್ತೆ ಗೊಣಗಿದರು.

ಮುಂದಿನ ಪೊಂಗಲ್ ಕಳೆದ ಮೇಲೆ ಹೊಸ ಪ್ಲಸ್ ಒನ್ ಮಕ್ಕಳನ್ನು ಕರೆದುಕೊಂಡು ಮತ್ತೆ ಘಟ್ಟ ಇಳಿದೆ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೆ. ಈಗ ಬೇರೆ ಥರದ ಚಡಪಡಿಕೆ. ಬಾಟಲಿ ಹಿಡಿಯಿತೋ ಇಲ್ಲವೋ, ಅಳುತ್ತಿದೆಯೋ ಏನೋ ಎಂದು ಸಿಗ್ನಲ್ ಸಿಕ್ಕ ಕಡೆಯೆಲ್ಲ ಫೋನು ಮಾಡಿದೆ. ಕಡೆಗೆ ಅತ್ತೆ ಫೋನು ಎತ್ತುವುದನ್ನೇ ನಿಲ್ಲಿಸಿದರು.

ಆ ಅಣ್ಣ ಬಾಗಿಲಲ್ಲೇ ಕಾದಿದ್ದರು. ಮಗು ಹೇಗಿದೆ ಟೀಚರ್ ಎಂದು ಮೊದಲು ಕೇಳಿದರು. ಆಮೇಲೆ ಕಂಬ, ತಕ್ಕಡಿ, ಫೋಟೋ, ಒಲೆ. ಬಾಣಂತಿ ಕೋಣೆಗೆ ಬಂದೆವು. ತೊಟ್ಟಿಲಲ್ಲಿ ಹಳದಿ ಬಟ್ಟೆ ಸುತ್ತಿದ ಗುಂಡುಕಲ್ಲು ಮಲಗಿತ್ತು. ಹಣೆಯ ಜಾಗದಲ್ಲಿ ಕುಂಕುಮ. ಅವರು ಸರಪಳಿ ಹಿಡಿದು ಮೆಲ್ಲಗೆ ತೂಗುತ್ತಾ ಮಕ್ಕಳಿಗೆ ಹೇಳಿದರು.

“ಮಗುವಿಗಿಂತ ಮೊದಲು ಈ ಕಲ್ಲನ್ನು ಮಲಗಿಸುವುದು ನಮ್ಮ ಮುತ್ತಾತನ ಕಾಲದಿಂದ ಈ ಮನೆಯ ವಳಕ್ಕಂ. ಅದಕ್ಕೇ ತಮಿಳಿನಲ್ಲಿ ಕಲ್ಲಿಗೂ ಕುಳವಿ, ಕೂಸಿಗೂ ಕುಳವಿ ಎನ್ನುವುದು.”

ಅವರ ಮುಖ ನೋಡಿದೆ. ತಮಾಷೆಯಿಲ್ಲ, ಕಳ್ಳತನವೂ ಇಲ್ಲ. ವರ್ಷವೆಲ್ಲ ಬಂದವರಿಗೆ ಹೇಳಿ ಹೇಳಿ ಅವರಿಗೆ ಅದು ನಿಜವೇ ಆಗಿಹೋಗಿತ್ತು. ನಾನು ಇತಿಹಾಸದ ಟೀಚರ್. ಇಷ್ಟು ದೊಡ್ಡ ಸುಳ್ಳನ್ನು ನನ್ನ ಮಕ್ಕಳ ಮುಂದೆ ಹೇಳುತ್ತಿದ್ದಾರೆ, ತಡೆಯಬೇಕು ಎಂದು ಬಾಯಿ ತೆರೆದೆ.

ಸರಪಳಿ ಕಿರ್ರ್ ಎಂದಿತು. ಮಗುವಿಗೆ ಹಾಲು ಕೊಡುವ ಹೊತ್ತು ಮೀರಿತ್ತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಎದೆ ಬಿಗಿದು ಹಾಲು ಇಳಿದು ರವಿಕೆ ಒದ್ದೆಯಾಯಿತು. ಸೆರಗು ಎಳೆದುಕೊಂಡೆ.

ಮುಂದೆ ನಿಂತಿದ್ದ ಒಬ್ಬ ಹುಡುಗ ಪೆನ್ನು ಕಚ್ಚುತ್ತಾ ನನ್ನ ಕಡೆ ತಿರುಗಿದ. ನನ್ನ ಮಾತನ್ನು ನನಗೇ ತಿರುಗಿಸುವ ಅವಕಾಶ ಸಿಕ್ಕಿತೆಂದು ಅವನಿಗೆ ಖುಷಿ.

“ಮಿಸ್, ಇದ್ಕ ಆಧಾರ ಏನ್ ಮಿಸ್?”

“ಆಧಾರ ಅದ ಕಣಪ್ಪ,” ಅಂದೆ. “ಬರ್ಕೊ.”